ಡೀಸೆಲ್ ಸುಟ್ಟ ಶಾಖವೆಲ್ಲ ಕೆಲಸ ಯಾಕಾಗುವುದಿಲ್ಲ? ಎಂಜಿನ್‌ಗಳ ಮಿತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಎಂಜಿನ್ ಇಲ್ಲದ ತೋಟ ಸಿಗುವುದು ಕಷ್ಟ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್ ಪಂಪು ಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಟ್ಟಾದರೆ ಜನರೇಟರು, ಕಳೆಗೆ ವೀಡ್ ಕಟ್ಟರು, ಗುಡ್ಡ ಹತ್ತಲು ಜೀಪು. ಹಾಗಾಗಿ ಎಂಜಿನ್ ಮಾತು ಬಂದಲ್ಲೆಲ್ಲ ಅದೇ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ತೋಟದವರು ಕೇಳುತ್ತಾರೆ, ಹೋಮ್‌ಸ್ಟೇ ನಡೆಸುವವರು ಕೇಳುತ್ತಾರೆ, ಜೀಪ್ ಓಡಿಸುವವರು, ಎಂಜಿನಿಯರಿಂಗ್ ಓದುವ ಮಕ್ಕಳು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಮೊದಲ ಪ್ರಶ್ನೆಗಳು

ಒಂದು ಲೀಟರ್ ಡೀಸೆಲ್‌ಗೆ ನಮ್ಮ ಜನರೇಟರ್ ಬರೀ ಮೂರು ಯೂನಿಟ್ ಕರೆಂಟ್ ಕೊಡುತ್ತೆ. ಎಂಜಿನ್ ಹಾಳಾಗಿದ್ಯಾ?

ಇಲ್ಲ, ಚೆನ್ನಾಗಿಯೇ ಇದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಸುಟ್ಟರೆ ಹುಟ್ಟುವ ಶಾಖ ಸುಮಾರು 10 ಯೂನಿಟ್, ಅಂದರೆ 10 ಕಿಲೋವ್ಯಾಟ್ ಅವರ್. ಅದರಲ್ಲಿ 3 ಯೂನಿಟ್ ಕರೆಂಟಾಗಿ ಬಂದರೆ ದಕ್ಷತೆ ಶೇ. 30. ತೋಟದ ಸೈಜಿನ ಜನರೇಟರ್‌ಗೆ ಇದು ಒಳ್ಳೆಯ ಅಂಕಿ.

ಉಳಿದ 7 ಯೂನಿಟ್ ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಓಡುತ್ತಿರುವ ಜನರೇಟರ್ ಸುತ್ತ ಒಂದು ಸುತ್ತು ಬನ್ನಿ. ಪೂರ್ತಿ ಲೋಡ್ ಇದ್ದಾಗ ಎಂಜಿನ್‌ನಿಂದ ಹೊರಬೀಳುವ ಹೊಗೆ 400ರಿಂದ 500 ಡಿಗ್ರಿ ಇರುತ್ತದೆ. ಸುಮಾರು 3 ಯೂನಿಟ್ ಆ ದಾರಿಯಲ್ಲೇ ಹೋಗುತ್ತದೆ. ರೇಡಿಯೇಟರ್ ಎದುರು ನಿಂತರೆ ಮುಖಕ್ಕೆ ಹೊಡೆಯುವ ಬಿಸಿಗಾಳಿಯಲ್ಲಿ ಇನ್ನೊಂದು ಎರಡೂವರೆಯಿಂದ ಮೂರು. ಎಂಜಿನ್ ಮೈಯ ಬಿಸಿ, ಬೇರಿಂಗ್‌ಗಳ ತಿಕ್ಕಾಟ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಒಳಗಿನ ನಷ್ಟ, ಇವೆಲ್ಲ ಸೇರಿ ಉಳಿದದ್ದು. ಲೀಟರಿಗೆ ಎರಡು ಯೂನಿಟ್‌ಗಿಂತ ಕೆಳಗೆ ಇಳಿದರೆ ಮಾತ್ರ ಯೋಚಿಸಿ. ಆಗಲೂ ಮೆಕ್ಯಾನಿಕ್ ಕರೆಯುವ ಮೊದಲು ಲೋಡ್ ಎಷ್ಟಿದೆ ನೋಡಿ.

ಶಾಖವೂ ಶಕ್ತಿ, ಕರೆಂಟೂ ಶಕ್ತಿ. ಒಂದನ್ನು ಪೂರ್ತಿ ಇನ್ನೊಂದು ಮಾಡೋಕೆ ಯಾಕೆ ಆಗಲ್ಲ?

ಒಂದು ದಿಕ್ಕಿನಲ್ಲಿ ಆಗುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿಯ ಓಟವೆಲ್ಲ ಡ್ರಮ್ಮಿನಲ್ಲಿ ಶಾಖವಾಗುತ್ತದೆ, ನೂರಕ್ಕೆ ನೂರು. ಆದರೆ ಕಾದ ಡ್ರಮ್ಮು ತಣ್ಣಗಾಗಿ ಗಾಡಿಯನ್ನು ಮತ್ತೆ ಮಡಿಕೇರಿಗೆ ಹತ್ತಿಸಿದ್ದನ್ನು ಯಾರೂ ಕಂಡಿಲ್ಲ.

ಗಾಡಿ ಓಡುವಾಗ ಅದರ ಕಣಗಳೆಲ್ಲ ಒಂದೇ ದಿಕ್ಕಿಗೆ ಸಾಗುತ್ತವೆ. ಶಾಖದಲ್ಲಿ ಅವೇ ಕಣಗಳು ದಿಕ್ಕಿಲ್ಲದೆ ಅಲುಗಾಡುತ್ತವೆ. ಒಂದೇ ದಿಕ್ಕಿನ ಓಟವನ್ನು ಚದುರಿಸುವುದು ಸುಲಭ. ಚದುರಿದ್ದನ್ನು ಪೂರ್ತಿಯಾಗಿ ಒಂದೇ ದಿಕ್ಕಿಗೆ ತರಲು ಸಾಧ್ಯವಿಲ್ಲ. ಶಕ್ತಿ ನಾಶವಾಗುವುದಿಲ್ಲ ಅನ್ನುವುದು ಉಷ್ಣಬಲ ವಿಜ್ಞಾನದ ಮೊದಲ ನಿಯಮ. ಶಾಖವನ್ನೆಲ್ಲ ಕೆಲಸ ಮಾಡಲು ಆಗದು ಅನ್ನುವುದು ಎರಡನೆಯದು. ಎಂಜಿನ್ ಕಟ್ಟುವವರ ಕೈ ಕಟ್ಟಿಹಾಕುವುದು ಈ ಎರಡನೆಯ ನಿಯಮ.

ಕಾರ್ನೋ ಅಂದ್ರೆ ಯಾರು? ಅವರು ಹೇಳಿದ್ದೇನು?

ಸಾದಿ ಕಾರ್ನೋ ಫ್ರಾನ್ಸಿನ ಯುವ ಸೇನಾ ಎಂಜಿನಿಯರ್. ಹುಟ್ಟಿದ್ದು 1796ರಲ್ಲಿ. 1824ರಲ್ಲಿ, 28 ತುಂಬುತ್ತಿದ್ದ ವಯಸ್ಸಿನಲ್ಲಿ, ಉಗಿ ಎಂಜಿನ್‌ಗಳ ಬಗ್ಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. 1832ರಲ್ಲಿ ಕಾಲರಾದಿಂದ ತೀರಿಕೊಂಡರು. ಬದುಕಿದ್ದಾಗ ಆ ಪುಸ್ತಕವನ್ನು ಗಮನಿಸಿದವರೇ ಕಡಿಮೆ. ಎಂಜಿನ್ ವಿಷಯದಲ್ಲಿ ಅದಕ್ಕಿಂತ ಆಳವಾದ ಮಾತನ್ನು ಆಮೇಲೂ ಯಾರೂ ಹೇಳಿಲ್ಲ ಅಂತ ನಾನು ನಂಬುತ್ತೇನೆ.

ಶಾಖದಿಂದ ಕೆಲಸ ಬರುವುದನ್ನು ಅವರು ನೀರು ಬೀಳುವುದಕ್ಕೆ ಹೋಲಿಸಿದರು. ಅಬ್ಬಿ ಜಲಪಾತದ ತುದಿಯಲ್ಲಿ ನೀರು ಎಷ್ಟೇ ಇರಲಿ, ಕೆಳಗೆ ಬೀಳಲು ಜಾಗ ಇಲ್ಲದಿದ್ದರೆ ಅದು ಚಕ್ರ ತಿರುಗಿಸುವುದಿಲ್ಲ. ಶಾಖವೂ ಹಾಗೆಯೇ. ಬಿಸಿ ಜಾಗದಿಂದ ತಣ್ಣನೆ ಜಾಗಕ್ಕೆ ಇಳಿಯುವಾಗ ಮಾತ್ರ ಅದರಿಂದ ಕೆಲಸ ತೆಗೆಯಬಹುದು. ಎಷ್ಟು ತೆಗೆಯಬಹುದು ಅನ್ನುವುದು ಎರಡು ತಾಪಮಾನಗಳ ಮೇಲೆ ನಿಂತಿದೆ. ಒಳಗೆ ಉಗಿ ಇದೆಯೋ ಗಾಳಿ ಇದೆಯೋ, ಕಬ್ಬಿಣ ಯಾವ ಊರಿನದೋ, ಅದು ಮುಖ್ಯವಲ್ಲ. ಈಗ ನಾವು ಬರೆಯುವ ಸೂತ್ರ ಇದು:

ಗರಿಷ್ಠ ದಕ್ಷತೆ = 1 − (ತಣ್ಣನೆ ಕಡೆಯ ತಾಪಮಾನ ÷ ಬಿಸಿ ಕಡೆಯ ತಾಪಮಾನ)

ಎರಡೂ ಕೆಲ್ವಿನ್‌ನಲ್ಲಿ, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿದ ಅಳತೆಯಲ್ಲಿ, ಇರಬೇಕು. ಬಿಸಿ ಕಡೆ 600 ಕೆಲ್ವಿನ್, ತಣ್ಣನೆ ಕಡೆ 300 ಕೆಲ್ವಿನ್ ಇದ್ದರೆ ಶೇ. 50. ಅದಕ್ಕಿಂತ ಜಾಸ್ತಿ ಯಾರಿಂದಲೂ ಆಗದು. ಶಾಖ ಒಂದು ದ್ರವ ಅಂತ ಆಗಿನವರಂತೆ ಕಾರ್ನೋ ಕೂಡ ನಂಬಿದ್ದರು. ಆ ನಂಬಿಕೆ ಬಿದ್ದುಹೋದರೂ ಅವರ ತೀರ್ಮಾನ ಉಳಿಯಿತು. 1850ರ ಆಸುಪಾಸಿನಲ್ಲಿ ಕ್ಲಾಸಿಯಸ್ ಮತ್ತು ಕೆಲ್ವಿನ್ ಅನ್ನುವ ವಿಜ್ಞಾನಿಗಳು ಅದನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿದರು.

ಲೆಕ್ಕದಲ್ಲಿ ಸೆಲ್ಸಿಯಸ್ ಹಾಕಿದ್ರೆ ಏನಾಗುತ್ತೆ?

ಉತ್ತರ ತಪ್ಪುತ್ತದೆ. 200 ಡಿಗ್ರಿ ಮತ್ತು 100 ಡಿಗ್ರಿ ಹಾಗೇ ಹಾಕಿದರೆ ಶೇ. 50 ಬರುತ್ತದೆ. 273 ಕೂಡಿಸಿ 473 ಮತ್ತು 373 ಹಾಕಿದರೆ ಶೇ. 21. ಎರಡನೆಯದೇ ಸರಿ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ ಅಷ್ಟೇ, ಅಲ್ಲೂ ಶಾಖ ಬೇಕಾದಷ್ಟಿದೆ. ಕೆಲ್ವಿನ್‌ನ ಸೊನ್ನೆ ಮಾತ್ರ ನಿಜವಾದ ತಳ.

ಕರೆಂಟ್ ಮೋಟಾರ್ ಶೇ. 90 ದಕ್ಷ ಅಂತಾರಲ್ಲ, ಅದಕ್ಕೆ ಈ ನಿಯಮ ಇಲ್ವಾ?

ಮೋಟಾರು ಶಾಖದಿಂದ ಓಡುವುದಿಲ್ಲ. ಹಾಗಾಗಿ ಕಾರ್ನೋ ಮಿತಿ ಅದಕ್ಕಿಲ್ಲ. ನೀರಿನ ಟರ್ಬೈನ್‌ಗೂ ಇಲ್ಲ, ದೊಡ್ಡವು ಶೇ. 90 ದಾಟುತ್ತವೆ.

ತೋಟದೊಳಗೆ ತೊರೆ ಇರುವವರು ಇದನ್ನು ಗಮನಿಸಬೇಕು. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಕೆಳಗೆ ಬಿದ್ದರೆ ಅದರಲ್ಲಿ ಸುಮಾರು 2 ಕಿಲೋವ್ಯಾಟ್ ಇದೆ. ಸಣ್ಣ ಟರ್ಬೈನ್ ಅರ್ಧ ಕಳೆದರೂ 1 ಕಿಲೋವ್ಯಾಟ್ ಕೈಗೆ ಸಿಗುತ್ತದೆ, ಹಗಲೂ ರಾತ್ರಿ. ಜುಲೈಯಲ್ಲಿ ಲೈನ್ ಹೋದಾಗಲೇ ತೊರೆಯೂ ತುಂಬಿ ಹರಿಯುತ್ತಿರುತ್ತದೆ. ಕೊಡಗಿನಂಥ ಜಾಗಕ್ಕೆ ಇದು ದೊಡ್ಡ ವರ.

ಗ್ರಿಡ್ ಕರೆಂಟಿನ ಕಥೆ ಬೇರೆ. ಅದರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರದ ಪಾಲೂ ಇರುತ್ತದೆ. ಮೋಟಾರಿನಲ್ಲಿ ಕಾಣದ ನಷ್ಟ ಅಲ್ಲಿನ ಬಾಯ್ಲರ್, ಟರ್ಬೈನ್, ಕೂಲಿಂಗ್ ಟವರ್‌ನಲ್ಲಿ ಆಗಲೇ ಆಗಿಹೋಗಿರುತ್ತದೆ.

## ತೋಟದ, ರಸ್ತೆಯ ಎಂಜಿನ್‌ಗಳು

ಡೀಸೆಲ್ ಗಾಡಿ ಪೆಟ್ರೋಲ್‌ಗಿಂತ ಜಾಸ್ತಿ ಮೈಲೇಜ್ ಕೊಡೋದು ಯಾಕೆ?

ಮುಖ್ಯ ಕಾರಣ ಒತ್ತುವಿಕೆ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು ಹತ್ತನೇ ಒಂದು ಪಾಲಿಗೆ ಒತ್ತುತ್ತದೆ. ಡೀಸೆಲ್ ಎಂಜಿನ್ ಹದಿನಾರು, ಹದಿನೆಂಟನೇ ಒಂದು ಪಾಲಿಗೆ ಒತ್ತುತ್ತದೆ. ಎಷ್ಟು ಒತ್ತುತ್ತೀರೋ ಸುಟ್ಟ ಮೇಲೆ ಅನಿಲ ಅಷ್ಟು ಹಿಗ್ಗುತ್ತದೆ. ಹಿಗ್ಗಿದಷ್ಟೂ ಅದರ ಶಾಖ ಪಿಸ್ಟನ್ನಿಗೆ ಕೆಲಸವಾಗಿ ಇಳಿಯುತ್ತದೆ. ಪೆಟ್ರೋಲನ್ನು ಹಾಗೆ ಒತ್ತಿದರೆ ಸಮಯಕ್ಕೆ ಮೊದಲೇ ಹೊತ್ತಿಕೊಂಡು ನಾಕಿಂಗ್, ಅಂದರೆ ಎಂಜಿನ್ ಒಳಗೆ ಬಡಿತ, ಶುರುವಾಗುತ್ತದೆ.

ಇನ್ನೊಂದು ಕಾರಣ ಥ್ರಾಟಲ್. ಪೆಟ್ರೋಲ್ ಗಾಡಿ ನಿಧಾನ ಹೋಗುವಾಗ ಬಾಯಿ ಅರ್ಧ ಮುಚ್ಚಿಕೊಂಡು ಗಾಳಿ ಎಳೆಯಬೇಕು, ಅದಕ್ಕೇ ಶಕ್ತಿ ಖರ್ಚು. ಡೀಸೆಲ್‌ಗೆ ಆ ಕಾಟ ಕಡಿಮೆ. ಮೂರನೆಯದು ಅಳತೆಯ ವಿಷಯ: ಒಂದು ಲೀಟರ್ ಡೀಸೆಲ್ ಪೆಟ್ರೋಲ್‌ಗಿಂತ ತೂಕ ಜಾಸ್ತಿ, ಹಾಗಾಗಿ ಶಾಖವೂ ಶೇ. 10ರಷ್ಟು ಜಾಸ್ತಿ. ಮೈಲೇಜ್ ವ್ಯತ್ಯಾಸದಲ್ಲಿ ಇಷ್ಟು ಪಾಲು ಎಂಜಿನ್‌ನ ಜಾಣತನದ್ದಲ್ಲ.

ರುಡಾಲ್ಫ್ ಡೀಸೆಲ್ ಅವರ ಎಂಜಿನ್ 1897ರ ಪರೀಕ್ಷೆಯಲ್ಲಿ ಶೇ. 26 ಮುಟ್ಟಿತು. ಆಗಿನ ಬಹುಪಾಲು ಉಗಿ ಎಂಜಿನ್‌ಗಳು ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ಕಾರ್ನೋ ಹೇಳಿದ್ದನ್ನು ಓದಿಕೊಂಡು, ಅದರ ಹತ್ತಿರ ಹೋಗಲೇಬೇಕು ಅಂತ ಹೊರಟು ಕಟ್ಟಿದ ಎಂಜಿನ್ ಅದು.

15 ಕೆವಿಎ ಜನರೇಟರ್‌ನಲ್ಲಿ ನಾಲ್ಕು ಲೈಟು, ಒಂದು ಟಿವಿ ಅಷ್ಟೇ ಓಡಿಸ್ತೀವಿ. ಲೋಡ್ ಕಮ್ಮಿ ಇದ್ರೆ ಡೀಸೆಲ್ ಉಳಿಯುತ್ತಲ್ವಾ?

ಗಂಟೆಗೆ ಕುಡಿಯುವ ಡೀಸೆಲ್ ಕಡಿಮೆಯಾಗುತ್ತದೆ. ಆದರೆ ಯೂನಿಟ್ ಲೆಕ್ಕದಲ್ಲಿ ಇದಕ್ಕಿಂತ ದುಬಾರಿ ಕರೆಂಟ್ ಇಲ್ಲ.

ಎಂಜಿನ್ ಸುಮ್ನೆ ತಿರುಗಲಿಕ್ಕೇ ಡೀಸೆಲ್ ಬೇಕು. ಪಿಸ್ಟನ್ ರಿಂಗುಗಳ ತಿಕ್ಕಾಟ, ಆಯಿಲ್ ಪಂಪು, ನೀರಿನ ಪಂಪು, ಫ್ಯಾನು, ಇವು ಲೋಡ್ ಇದ್ದರೂ ಇಲ್ಲದಿದ್ದರೂ ತಮ್ಮ ಪಾಲು ತಿನ್ನುತ್ತವೆ. ಈ ಸೈಜಿನ ಜನರೇಟರ್ ಬರಿದೇ ಓಡಿದರೂ ಗಂಟೆಗೆ ಒಂದು ಲೀಟರ್ ಹತ್ತಿರ ಹೋಗುತ್ತದೆ. ನಿಮ್ಮ ಲೈಟು, ಟಿವಿ ಸೇರಿ 300 ವ್ಯಾಟ್ ಅಂತ ಇಟ್ಟುಕೊಳ್ಳಿ. ಗಂಟೆಗೆ 0.3 ಯೂನಿಟ್. ಅಂದರೆ 10 ಯೂನಿಟ್ ಶಾಖದಲ್ಲಿ 0.3 ಸಿಕ್ಕಿತು, ಶೇ. 3. ಅದೇ ಜನರೇಟರ್ ಮುಕ್ಕಾಲು ಲೋಡಿನಲ್ಲಿ ಲೀಟರಿಗೆ ಮೂರು ಯೂನಿಟ್ ಕೊಡುತ್ತದೆ.

ಇಲ್ಲಿ ಕಾರ್ನೋ ಅವರನ್ನು ದೂರಿ ಪ್ರಯೋಜನವಿಲ್ಲ, ಇದು ನಮ್ಮ ಕೈಯಲ್ಲಿರುವ ನಷ್ಟ. ಲೈಟಿಗೆ ಇನ್ವರ್ಟರ್ ಮತ್ತು ಬ್ಯಾಟರಿ ಇಡಿ. ನೀರೆತ್ತುವುದು, ಗ್ರೈಂಡರ್, ವಾಷಿಂಗ್ ಮೆಷಿನ್, ಬ್ಯಾಟರಿ ಚಾರ್ಜ್ ಎಲ್ಲವನ್ನೂ ಒಟ್ಟಿಗೆ ಒಂದೆರಡು ಗಂಟೆಗೆ ಸೇರಿಸಿ, ಆಗ ಮಾತ್ರ ಜನರೇಟರ್ ಹಾಕಿ. ಇನ್ನೊಂದು ಲಾಭವೂ ಇದೆ. ಲೋಡಿಲ್ಲದೆ ದಿನಗಟ್ಟಲೆ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಅರೆಬೆಂದ ಡೀಸೆಲ್ಲು, ಮಸಿ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ. ಪೈಪಿನ ಜಾಯಿಂಟಿನಲ್ಲಿ ಎಣ್ಣೆಯಂಥದ್ದು ತೊಟ್ಟಿಕ್ಕುತ್ತಿದ್ದರೆ ಅದೇ ಗುರುತು.

ವೀಡ್ ಕಟ್ಟರ್ ಇಷ್ಟು ಪೆಟ್ರೋಲ್ ಕುಡಿಯೋದು ಯಾಕೆ?

ಅದು ಟೂ ಸ್ಟ್ರೋಕ್. ಹೊಗೆ ಹೊರಹೋಗುವ ಬಾಗಿಲು, ಹೊಸ ಪೆಟ್ರೋಲ್ ಗಾಳಿ ಒಳಬರುವ ಬಾಗಿಲು ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಒಳಗೆ ಬಂದದ್ದರಲ್ಲಿ ಐದನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ, ಸುಡದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಎಂಜಿನ್ ಚಿಕ್ಕದು, ಶಾಖ ಗೋಡೆಗೆ ಬೇಗ ಸೋರುತ್ತದೆ. ಇಳಿಜಾರಿನಲ್ಲಿ ಹೆಗಲಿಗೆ ಹಾಕಿಕೊಂಡು ನಡೆಯಲು ಹಗುರವಾದ್ದು ಬೇಕು, ಅದಕ್ಕೇ ಇದು ಉಳಿದಿದೆ. ಫೋರ್ ಸ್ಟ್ರೋಕ್ ಕಟ್ಟರ್‌ಗಳೂ ಬಂದಿವೆ. ಸ್ವಲ್ಪ ಭಾರ, ಆದರೆ ಪೆಟ್ರೋಲ್ ಉಳಿಯುತ್ತದೆ.

ಮಾಂದಲಪಟ್ಟಿ ಹತ್ತುವಾಗ ಜೀಪ್ ಸೊರಗುತ್ತೆ. ಎತ್ತರಕ್ಕೆ ಹೋದಂತೆ ದಕ್ಷತೆ ಬೀಳುತ್ತಾ?

ಬೀಳುವುದು ಮುಖ್ಯವಾಗಿ ಶಕ್ತಿ. ಮಾಂದಲಪಟ್ಟಿ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಸಮುದ್ರ ಮಟ್ಟಕ್ಕಿಂತ ಅಲ್ಲಿ ಗಾಳಿಯ ಒತ್ತಡ ಶೇ. 17ರಷ್ಟು ಕಡಿಮೆ. ಗಾಳಿ ಕಡಿಮೆಯಾದರೆ ಸುಡಬಹುದಾದ ಡೀಸೆಲ್ಲೂ ಕಡಿಮೆ, ಎಳೆತವೂ ಕಡಿಮೆ. ಆದರೆ ಸುಟ್ಟ ಡೀಸೆಲ್‌ನಲ್ಲಿ ಎಷ್ಟು ಪಾಲು ಕೆಲಸವಾಯಿತು ಅನ್ನುವುದು ಹೆಚ್ಚು ಬದಲಾಗುವುದಿಲ್ಲ. ಟರ್ಬೊ ಇರುವ ಎಂಜಿನ್ ಗಾಳಿಯನ್ನು ಒತ್ತಿ ತುಂಬುವುದರಿಂದ ಅದಕ್ಕೆ ಎತ್ತರದ ತೊಂದರೆ ಅಷ್ಟು ತಟ್ಟುವುದಿಲ್ಲ.

ಹಳೆಯ ಜೀಪುಗಳಲ್ಲಿ ಒಂದು ತೊಂದರೆ ಇದೆ. ಗಾಳಿ ಕಡಿಮೆಯಾದರೂ ಪಂಪು ಅಷ್ಟೇ ಡೀಸೆಲ್ ತಳ್ಳುತ್ತದೆ. ಸುಡದೆ ಉಳಿದದ್ದು ಕಪ್ಪು ಹೊಗೆಯಾಗಿ ಕಾಣುತ್ತದೆ. ಆಗ ಶಕ್ತಿಯ ಜೊತೆ ದಕ್ಷತೆಯೂ ಇಳಿಯುತ್ತದೆ.

ಮಡಿಕೇರಿ ಚಳಿಗೆ ಎಂಜಿನ್ ಜಾಸ್ತಿ ದಕ್ಷ ಆಗಬೇಕಲ್ವಾ? ತಣ್ಣನೆ ಕಡೆ ಇನ್ನೂ ತಣ್ಣಗಿದೆ.

ಸೂತ್ರದ ಪ್ರಕಾರ ನಿಜ. ಆದರೆ ಲೆಕ್ಕ ಹಾಕಿ ನೋಡಿ. ಸಿಲಿಂಡರ್ ಒಳಗಿನ ಬೆಂಕಿ ಸುಮಾರು 2,470 ಕೆಲ್ವಿನ್ ಮುಟ್ಟುತ್ತದೆ ಅಂದುಕೊಳ್ಳೋಣ. ಹೊರಗೆ 27 ಡಿಗ್ರಿ ಇದ್ದರೆ ಮಿತಿ ಸುಮಾರು ಶೇ. 88, 12 ಡಿಗ್ರಿ ಇದ್ದರೆ ಶೇ. 88.5. ಇಷ್ಟು ಸಣ್ಣ ಲಾಭವನ್ನು ಬೆಳಗ್ಗೆಯ ಗಟ್ಟಿ ಆಯಿಲ್ ಒಂದೇ ನುಂಗಿಹಾಕುತ್ತದೆ.

ಬಿಸಿ ಕಡೆ ಅಷ್ಟು ಬಿಸಿ ಇಲ್ಲದಿದ್ದಾಗ ಮಾತ್ರ ತಂಪಿಗೆ ಬೆಲೆ. ಕೈಗಾ ಅಣು ಸ್ಥಾವರದ ಉಗಿ ಸುಮಾರು 250 ಡಿಗ್ರಿ. ಕದ್ರಾ ಜಲಾಶಯದ ನೀರಿನಿಂದ ಅದನ್ನು ತಣಿಸುತ್ತಾರೆ. ಅಂಥ ಕಡೆ ಉಗಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ 40 ಡಿಗ್ರಿಯಿಂದ 30ಕ್ಕೆ ಇಳಿದರೆ ಮಿತಿ ಶೇ. 40ರಿಂದ 42ಕ್ಕೆ ಏರುತ್ತದೆ. ನೂರಾರು ಮೆಗಾವ್ಯಾಟ್ ಸ್ಥಾವರದಲ್ಲಿ ಎರಡು ಪಾಯಿಂಟ್ ದೊಡ್ಡ ಮಾತು.

ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದ್ರೆ ಪೂರ್ತಿ ಸುಟ್ಟು ಮೈಲೇಜ್ ಡಬಲ್ ಆಗುತ್ತೆ ಅಂತ ಮಾರ್ತಾರೆ. ನಿಜವಾ?

ಕೊಳ್ಳಬೇಡಿ. ಸರಿಯಾಗಿ ಕಾದ, ಹೊಗೆ ಕಾರದ ಎಂಜಿನ್ ಈಗಲೇ ಶೇ. 98ಕ್ಕಿಂತ ಜಾಸ್ತಿ ಇಂಧನ ಸುಡುತ್ತದೆ. ಉಳಿದದ್ದನ್ನೂ ಸುಟ್ಟರೆ ಸಿಗುವುದು ಹೆಚ್ಚೆಂದರೆ ಒಂದೆರಡು ಪಾಲು. ನಷ್ಟ ಆಗುವುದು ಸುಡದೆ ಇರುವುದರಿಂದ ಅಲ್ಲ, ಸುಟ್ಟು ಬಂದ ಶಾಖ ಕೆಲಸವಾಗದೆ ಹೋಗುವುದರಿಂದ. ಮ್ಯಾಗ್ನೆಟ್ಟು, ಟ್ಯಾಂಕಿಗೆ ಹಾಕುವ ಮಾತ್ರೆ, ನೀರಿನಿಂದ ಗ್ಯಾಸ್ ಮಾಡಿ ಎಂಜಿನ್‌ಗೆ ಬಿಡುವ ಕಿಟ್ಟು, ಯಾವುದೂ ಆ ಶಾಖವನ್ನು ಮುಟ್ಟುವುದಿಲ್ಲ. ಟೈರಿನ ಗಾಳಿ, ಏರ್ ಫಿಲ್ಟರು, ಇಂಜೆಕ್ಟರು ನೋಡಿಕೊಳ್ಳಿ. ದುಡ್ಡು ಅಲ್ಲಿ ಉಳಿಯುತ್ತದೆ.

ರೇಡಿಯೇಟರ್‌ನಲ್ಲಿ ಅಷ್ಟು ಶಾಖ ಹೋಗುತ್ತಲ್ಲ, ಎಂಜಿನ್ ತಣಿಸದೇ ಇದ್ರೆ ಆಯ್ತಲ್ವಾ?

ಇದು ಒಳ್ಳೆಯ ಪ್ರಶ್ನೆ. ದೊಡ್ಡ ದೊಡ್ಡವರೇ ಇದಕ್ಕೆ ಕೈ ಹಾಕಿದ್ದರು. 1980ರ ದಶಕದಲ್ಲಿ ಅಮೆರಿಕದ ಸೇನೆ ಮತ್ತು ಕಮ್ಮಿನ್ಸ್ ಕಂಪನಿ ಸೇರಿ, ಒಳಗೆಲ್ಲ ಸೆರಾಮಿಕ್ ಹೊದಿಸಿ, ತಣಿಸುವ ನೀರೇ ಇಲ್ಲದ ಡೀಸೆಲ್ ಎಂಜಿನ್ ಕಟ್ಟಿ ಓಡಿಸಿದರು. ನೆನೆಸಿದಷ್ಟು ಲಾಭ ಬರಲಿಲ್ಲ.

ಗೋಡೆಗೆ ಹೋಗದ ಶಾಖದಲ್ಲಿ ಬಹುಪಾಲು ಪಿಸ್ಟನ್ನಿಗೆ ಸಿಗದೆ ನೇರ ಹೊಗೆಯ ಜೊತೆ ಹೊರಗೆ ಹೋಯಿತು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಹಿಡಿಯಿತು. ಬಿಸಿ ಗೋಡೆಗಳು ಒಳಬರುವ ಗಾಳಿಯನ್ನೂ ಕಾಯಿಸಿದವು, ಕಾದ ಗಾಳಿ ಹಿಗ್ಗಿ ಸಿಲಿಂಡರ್‌ನಲ್ಲಿ ಕಡಿಮೆ ತುಂಬಿತು. ಅಷ್ಟು ಬಿಸಿಯಲ್ಲಿ ಆಯಿಲ್ಲೂ ತಾಳಲಿಲ್ಲ. ತೋಟದ ಪಂಪಿನ ನೀರು ತೆಗೆದರಂತೂ ಪಿಸ್ಟನ್ ಹಿಡಿದು ನಿಲ್ಲುತ್ತದೆ. ಹಾಗೆ ಯಾವತ್ತೂ ಮಾಡಬೇಡಿ.

ಹಡಗಿನ ಡೀಸೆಲ್ ಎಂಜಿನ್ ಶೇ. 50 ಮುಟ್ಟುತ್ತಂತೆ. ನಮ್ಮ ಪಂಪಿಗೆ ಯಾಕೆ ಆಗಲ್ಲ?

ಗಾತ್ರ ಮತ್ತು ನಿಧಾನ. ದೊಡ್ಡ ಹಡಗಿನ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಬಾಯಿ ಒಂದು ಮೀಟರ್ ಹತ್ತಿರ ಅಗಲ, ನಿಮಿಷಕ್ಕೆ ಸುಮಾರು 100 ಸುತ್ತು. ಗಾತ್ರ ಬೆಳೆದಂತೆ ಒಳಗಿನ ಅನಿಲ ಜಾಸ್ತಿಯಾಗುತ್ತದೆ, ಅದಕ್ಕೆ ಹೋಲಿಸಿದರೆ ಗೋಡೆ ಕಡಿಮೆ. ಶಾಖ ಸೋರಲು ಜಾಗ ಸಾಲದು. ಸುಡಲಿಕ್ಕೆ, ಹಿಗ್ಗಲಿಕ್ಕೆ ಸಮಯವೂ ಸಿಗುತ್ತದೆ. ಅಂಗೈ ಅಗಲದ ಪಿಸ್ಟನ್ನು 1,500 ಸುತ್ತು ತಿರುಗುವಾಗ ಇದು ಯಾವುದೂ ಇಲ್ಲ.

## ಹೋಗುವ ಶಾಖ ಹಿಡಿಯುವ ಬಗ್ಗೆ

ಜನರೇಟರ್ ಬಿಸಿಯಲ್ಲಿ ಕಾಫಿ ಒಣಗಿಸಬಹುದಾ?

ನಿಯಮ ಅಡ್ಡ ಬರುವುದಿಲ್ಲ. ಶಾಖವನ್ನು ಶಾಖವಾಗಿಯೇ ಬಳಸುವುದಕ್ಕೆ ಕಾರ್ನೋ ಮಿತಿ ಇಲ್ಲ. 10 ಯೂನಿಟ್‌ನಲ್ಲಿ 3 ಕರೆಂಟಾಗಿ ಬಂದು, ಉಳಿದದ್ದರಲ್ಲಿ ಅರ್ಧ ಹಿಡಿದರೂ ಡೀಸೆಲ್‌ನ ಶೇ. 65 ಉಪಯೋಗಕ್ಕೆ ಬಂದಂತಾಯಿತು. ಹೊಗೆ ಮಾತ್ರ ಕಾಫಿಗೆ ತಾಗಬಾರದು. ಕಾಫಿ ವಾಸನೆಯನ್ನು ತಕ್ಷಣ ಹಿಡಿಯುತ್ತದೆ. ಕೊಳವೆಯೊಳಗೆ ಹೊಗೆ, ಹೊರಗೆ ಒಳ್ಳೆಯ ಗಾಳಿ ಹೀಗೆ ಬೇರೆ ಬೇರೆ ಇರಬೇಕು.

ಆದರೆ ನಮ್ಮಲ್ಲಿ ಇದಕ್ಕೆ ಕಾಲ ಕೂಡಿಬರುವುದಿಲ್ಲ. ಜನರೇಟರ್ ಜಾಸ್ತಿ ಓಡುವುದು ಜೂನ್‌ನಿಂದ ಆಗಸ್ಟ್. ಕಾಫಿ ಕಣಕ್ಕೆ ಬರುವುದು ಡಿಸೆಂಬರ್ ಆಸುಪಾಸು, ಆಗ ಬಿಸಿಲೇ ಇರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನು ಎಂಜಿನ್‌ನಲ್ಲೇ ಓಡಿಸುವ ತೋಟಕ್ಕೆ ಬಿಟ್ಟರೆ ಈ ಖರ್ಚು ಹುಟ್ಟುವುದು ಕಷ್ಟ.

ಹೋಮ್‌ಸ್ಟೇಯವರಿಗೆ ಮಾತ್ರ ಕಾಲ ಸರಿಯಾಗಿ ಕೂಡುತ್ತದೆ. ಜುಲೈಯಲ್ಲಿ ಕರೆಂಟಿಲ್ಲ, ಬಿಸಿಲಿಲ್ಲ, ಛಾವಣಿಯ ಸೋಲಾರ್ ಹೀಟರ್ ತಣ್ಣಗಿದೆ, ಬಂದವರಿಗೆ ಸ್ನಾನಕ್ಕೆ ಬಿಸಿನೀರು ಬೇಕು. ಆ ಹೊತ್ತಿಗೆ ಜನರೇಟರ್ ಓಡುತ್ತಿದೆ. ಒಂದು ಲೀಟರ್ ಡೀಸೆಲ್ ಸುಡುವಾಗ ರೇಡಿಯೇಟರ್‌ಗೆ ಹೋಗುವ 3 ಯೂನಿಟ್ ಶಾಖ 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಕಾಯಿಸಬಲ್ಲದು. ಎಂಜಿನ್ ನೀರಿನ ದಾರಿಯಲ್ಲಿ, ಶಾಖವನ್ನು ಮಾತ್ರ ದಾಟಿಸುವ ಒಂದು ಹೀಟ್ ಎಕ್ಸ್‌ಚೇಂಜರ್, ಪಕ್ಕದಲ್ಲಿ ಬೆಚ್ಚಗೆ ಮುಚ್ಚಿದ ಒಂದು ಟ್ಯಾಂಕು ಇದ್ದರೆ ಸಾಕು. ಎಂಜಿನ್ ಅತಿಯಾಗಿ ತಣ್ಣಗಾಗದಂತೆ ಥರ್ಮೋಸ್ಟಾಟ್ ಹಾಗೇ ಉಳಿಸಿ, ಕೆಲಸ ಗೊತ್ತಿರುವವರಿಂದ ಮಾಡಿಸಿ. ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ ಆಗಬೇಕು ಅಂತ ನನಗೆ ತುಂಬ ಆಸೆ.

ಬಚ್ಚಲ ಒಲೆಯ ಬಿಸಿಯಿಂದ ಮೊಬೈಲ್ ಚಾರ್ಜ್ ಮಾಡಬಹುದಾ?

ಮಾಡಬಹುದು. ಥರ್ಮೊಎಲೆಕ್ಟ್ರಿಕ್ ಬಿಲ್ಲೆಗಳು ಸಿಗುತ್ತವೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇಟ್ಟರೆ ಕರೆಂಟ್ ಬರುತ್ತದೆ. ಒಲೆಯ ಕಡೆ 200 ಡಿಗ್ರಿ, ಹಂಡೆ ನೀರಿನ ಕಡೆ 60 ಡಿಗ್ರಿ ಇದ್ದರೆ ಕಾರ್ನೋ ಮಿತಿ ಸುಮಾರು ಶೇ. 30. ಬಿಲ್ಲೆ ಕೊಡುವುದು ಶೇ. 5ರಷ್ಟು. ಒಂದು ಬಿಲ್ಲೆಯಿಂದ ಕೆಲವು ವ್ಯಾಟ್ ಅಷ್ಟೇ. ಮೊಬೈಲಿಗೆ, ಒಂದು ಎಲ್ಇಡಿ ಬಲ್ಬಿಗೆ ಸಾಕು. ಬಿಲ್ಲೆ ದಾಟಿದ ಉಳಿದ ಶಾಖ ಹೇಗೂ ನೀರಿಗೇ ಹೋಗುತ್ತದೆ. ಹಾಗಾಗಿ ನಷ್ಟ ಅನ್ನುವ ಮಾತೇ ಇಲ್ಲ.

ಕಾಫಿ ಸಿಪ್ಪೆ, ಸೌದೆ ಸುಟ್ಟು ಕರೆಂಟ್ ಮಾಡೋಕೆ ಸಣ್ಣ ಉಗಿ ಎಂಜಿನ್ ಸರಿಯಾ?

ಬೇಡ. ಸಣ್ಣ ಬಾಯ್ಲರ್‌ನಲ್ಲಿ 200 ಡಿಗ್ರಿ ಉಗಿ ಮಾಡಿ 100 ಡಿಗ್ರಿಯಲ್ಲಿ ಹೊರಗೆ ಬಿಟ್ಟರೆ ಮಿತಿಯೇ ಶೇ. 21, ಕೈಗೆ ಸಿಗುವುದು ಅದರ ಮೂರನೇ ಒಂದು ಪಾಲೂ ಕಷ್ಟ. ಬಾಯ್ಲರ್ ಒಡೆದರೆ ಪ್ರಾಣಕ್ಕೇ ಅಪಾಯ.

ಗ್ಯಾಸಿಫೈಯರ್ ದಾರಿ ಇದಕ್ಕಿಂತ ಒಳ್ಳೆಯದು. ಸೌದೆಗೆ ಕಡಿಮೆ ಗಾಳಿ ಕೊಟ್ಟು ಅರೆಸುಟ್ಟರೆ ಉರಿಯುವ ಗ್ಯಾಸ್ ಬರುತ್ತದೆ. ಅದನ್ನು ತೊಳೆದು ಎಂಜಿನ್‌ಗೆ ಕೊಡಬಹುದು. ಬೆಂಕಿ ಸಿಲಿಂಡರ್ ಒಳಗೇ ಆಗುವುದರಿಂದ ಬಿಸಿ ಕಡೆಯ ತಾಪಮಾನ ತುಂಬ ಮೇಲಿರುತ್ತದೆ. ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಒಣ ಸೌದೆಗೆ ಒಂದು ಯೂನಿಟ್ ಕರೆಂಟ್ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1980ರ ದಶಕದ ಕೊನೆಗೇ ಸೌದೆ ಗ್ಯಾಸಿನಿಂದ ಮನೆಗಳಿಗೆ ದೀಪ ಹಚ್ಚಿತ್ತು. ಕಷ್ಟ ಏನೆಂದರೆ ಗ್ಯಾಸಿನ ಜೊತೆ ಬರುವ ಅಂಟು ಟಾರು. ಗ್ಯಾಸ್ ಸರಿಯಾಗಿ ತೊಳೆಯದಿದ್ದರೆ ವಾಲ್ವುಗಳಿಗೆ ಅಂಟಿ ಎಂಜಿನ್ ಕೆಡಿಸುತ್ತದೆ. ದಿನಾ ನೋಡಿಕೊಳ್ಳುವ ಆಳು ಬೇಕೇ ಬೇಕು. ಸಿಪ್ಪೆಯನ್ನು ಹಾಗೇ ಸುರಿಯಲೂ ಆಗದು, ಉಂಡೆ ಕಟ್ಟಬೇಕು.

ಸೋಲಾರ್ ಹೀಟರ್‌ನ ಬಿಸಿನೀರಿನಿಂದ ಕರೆಂಟ್?

60 ಡಿಗ್ರಿ ನೀರು, 20 ಡಿಗ್ರಿ ಗಾಳಿ: ಮಿತಿ ಶೇ. 12. ನಿಜವಾಗಿ ಸಿಗುವುದು ಮೂರೋ ನಾಲ್ಕೋ. ಅದೇ ಛಾವಣಿಗೆ ಸೋಲಾರ್ ಪ್ಯಾನೆಲ್ ಹಾಕಿದರೆ ಬಿಸಿಲಿನ ಶೇ. 20ರಷ್ಟು ಸಿಗುತ್ತದೆ. ಆ ನೀರನ್ನು ಸ್ನಾನಕ್ಕೇ ಬಿಡಿ.

ಹೀಟ್ ಪಂಪ್ ಒಂದು ಯೂನಿಟ್‌ಗೆ ಮೂರು ಯೂನಿಟ್ ಬಿಸಿ ಕೊಡುತ್ತೆ ಅಂತಾರೆ. ಇದು ಮೋಸ ಅಲ್ವಾ?

ಮೋಸವಲ್ಲ, ಕಾರ್ನೋ ಸೂತ್ರವೇ ತಿರುಗಿ ನಿಂತಿದೆ. ಹೀಟ್ ಪಂಪು ಶಾಖವನ್ನು ಹುಟ್ಟಿಸುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಮೇಲಕ್ಕೆ ಎತ್ತಿ ನೀರಿಗೆ ಹಾಕುತ್ತದೆ. 20 ಡಿಗ್ರಿ ಗಾಳಿಯಿಂದ 55 ಡಿಗ್ರಿ ನೀರಿಗೆ ಎತ್ತಲು ಮಿತಿ 328 ÷ 35, ಅಂದರೆ ಒಂದಕ್ಕೆ ಒಂಬತ್ತಕ್ಕಿಂತ ಜಾಸ್ತಿ. ಪೇಟೆಯಲ್ಲಿ ಸಿಗುವ ಮೆಷಿನ್ನು ಮೂರು ಕೊಟ್ಟರೆ ಅನುಮಾನಪಡಬೇಕಿಲ್ಲ. ಚಳಿ ರಾತ್ರಿ 10 ಡಿಗ್ರಿಗೆ ಇಳಿದರೆ ಮಿತಿ ಏಳರ ಹತ್ತಿರ ಬರುತ್ತದೆ, ಮೆಷಿನ್ನಿನ ಫಲವೂ ಸ್ವಲ್ಪ ಇಳಿಯುತ್ತದೆ.

ಇನ್ನೊಂದು ಲೆಕ್ಕ ನೋಡಿ. 10 ಯೂನಿಟ್ ಶಾಖದ ಕಲ್ಲಿದ್ದಲಿನಿಂದ ಮೂರೂವರೆ ಯೂನಿಟ್ ಕರೆಂಟ್ ಬರುತ್ತದೆ. ಗೀಸರ್‌ಗೆ ಕೊಟ್ಟರೆ ಮೂರೂವರೆ ಯೂನಿಟ್ ಬಿಸಿ. ಹೀಟ್ ಪಂಪಿಗೆ ಕೊಟ್ಟರೆ, ಲೈನ್ ನಷ್ಟ ಬಿಟ್ಟು, ಮತ್ತೆ ಹತ್ತರ ಹತ್ತಿರ. ಎಂಜಿನ್ ದಾರಿಯಲ್ಲಿ ನಿಯಮ ಕಿತ್ತುಕೊಂಡದ್ದನ್ನು ಅದೇ ನಿಯಮ ವಾಪಸ್ ಕೊಡುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದು.

## ಆಳದ ಪ್ರಶ್ನೆಗಳು

ಗಾಳಿಯಲ್ಲೇ ಅಷ್ಟು ಶಾಖ ಇದ್ರೆ ಅದನ್ನೇ ಹೀರಿ ಓಡುವ ಎಂಜಿನ್ ಮಾಡಬಹುದಲ್ವಾ?

ಆಗದು. ಸುತ್ತಲೆಲ್ಲ 20 ಡಿಗ್ರಿ ಇದ್ದಾಗ ಶಾಖ ಇಳಿಯಲು ಅದಕ್ಕಿಂತ ತಣ್ಣನೆಯ ಜಾಗ ಇಲ್ಲ. ಒಂದೇ ತಾಪಮಾನದಿಂದ ಶಾಖ ತೆಗೆದು ನಿರಂತರ ಕೆಲಸ ಮಾಡುವ ಯಂತ್ರ ಸಾಧ್ಯವಿಲ್ಲ ಅನ್ನುವುದೇ ಕೆಲ್ವಿನ್ ಎರಡನೆಯ ನಿಯಮವನ್ನು ಹೇಳಿದ ರೀತಿ. ಮೋಟಾರಿಗೆ ಆಲ್ಟರ್ನೇಟರ್ ಕಟ್ಟಿ, ಅದರ ಕರೆಂಟನ್ನೇ ಮೋಟಾರಿಗೆ ಕೊಟ್ಟು ಓಡಿಸುವ ವಿಡಿಯೋಗಳದ್ದು ಇನ್ನೂ ಕೆಳಗಿನ ತಪ್ಪು. ಶೇ. 90 ಮತ್ತು ಶೇ. 90 ಸೇರಿದರೆ ಒಂದು ಸುತ್ತಿಗೆ 81 ಉಳಿಯುತ್ತದೆ, ಮುಂದಿನ ಸುತ್ತಿಗೆ 66. ಅದು ಮೊದಲ ನಿಯಮವನ್ನೇ ಮುರಿಯಲು ಹೊರಟಿದೆ.

ಎಂಟ್ರೊಪಿ ಅಂದ್ರೆ ಅಸ್ತವ್ಯಸ್ತ ಅಂತ ಓದಿದ್ದೀವಿ. ಎಂಜಿನ್‌ಗೂ ಅದಕ್ಕೂ ಏನು ಸಂಬಂಧ?

ಎಂಜಿನ್ ಮಟ್ಟಿಗೆ ಆ ಮಾತು ಬಿಡಿ. ಶಾಖವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಬರುವುದು ಎಂಟ್ರೊಪಿಯ ಲೆಕ್ಕ. 1865ರಲ್ಲಿ ಕ್ಲಾಸಿಯಸ್ ಅದಕ್ಕೆ ಹೆಸರಿಟ್ಟರು. ನಿಯಮ ಒಂದೇ: ಒಟ್ಟು ಎಂಟ್ರೊಪಿ ಕಡಿಮೆಯಾಗಬಾರದು.

600 ಕೆಲ್ವಿನ್‌ನಿಂದ 1,000 ಜೂಲ್ ಶಾಖ ತೆಗೆದಿರಿ. ಬಿಸಿ ಕಡೆ 1,000 ÷ 600, ಅಂದರೆ ಸುಮಾರು 1.67 ಎಂಟ್ರೊಪಿ ಕಳೆಯಿತು. ಕೆಲಸದಲ್ಲಿ ಎಂಟ್ರೊಪಿ ಇಲ್ಲ. ಹಾಗಾಗಿ ಆ 1.67 ಅನ್ನು ತಣ್ಣನೆ ಕಡೆ ಸೇರಿಸಲೇಬೇಕು. 300 ಕೆಲ್ವಿನ್‌ನಲ್ಲಿ ಅಷ್ಟು ಸೇರಿಸಲು ಕನಿಷ್ಠ 500 ಜೂಲ್ ಶಾಖ ಚೆಲ್ಲಬೇಕು. ಉಳಿದ 500 ಮಾತ್ರ ಕೆಲಸ. ಕಾರ್ನೋ ಸೂತ್ರ ಪೂರ್ತಿ ಇಷ್ಟರಲ್ಲೇ ಇದೆ. ತಿಕ್ಕಾಟ, ಸೋರಿಕೆ, ದಿಢೀರ್ ಉರಿ ಇವೆಲ್ಲ ಹೊಸ ಎಂಟ್ರೊಪಿ ಹುಟ್ಟಿಸುತ್ತವೆ. ಅದನ್ನೂ ಚೆಲ್ಲಲು ಇನ್ನಷ್ಟು ಶಾಖ ಹೋಗುತ್ತದೆ.

ಬೆಂಕಿ 2,200 ಡಿಗ್ರಿ ಇದ್ದು ಮಿತಿ ಶೇ. 88 ಅಂದಮೇಲೆ, ಸಿಗೋದು 30-40 ಯಾಕೆ?

ಮೊದಲ ನಷ್ಟ ಬೆಂಕಿಯಲ್ಲೇ. ಇಂಧನದಲ್ಲಿರುವುದು ಅಚ್ಚುಕಟ್ಟಾದ ರಾಸಾಯನಿಕ ಶಕ್ತಿ. ಅದನ್ನು ಸುಮ್ನೆ ಉರಿಸಿದಾಗ ಕೆಲಸ ಮಾಡುವ ಸಾಮರ್ಥ್ಯದಲ್ಲಿ ಐದನೇ ಒಂದು ಪಾಲು ಅಥವಾ ಜಾಸ್ತಿ ಅಲ್ಲೇ ಹೋಗುತ್ತದೆ. ಶಾಖ ಉಳಿದಿರುತ್ತದೆ, ಅದರ ಗುಣ ಇಳಿದಿರುತ್ತದೆ.

ಎರಡನೆಯದು, ಶಾಖವೆಲ್ಲ ಆ ತುದಿಯ ತಾಪಮಾನದಲ್ಲಿ ಒಳಗೆ ಬರುವುದಿಲ್ಲ, ಹೊರಗಿನ ಗಾಳಿಯಷ್ಟು ತಣ್ಣಗಾಗಿ ಹೊರಗೆ ಹೋಗುವುದೂ ಇಲ್ಲ. ಪಿಸ್ಟನ್ ತಳ ಮುಟ್ಟಿದಾಗಲೂ ಅನಿಲ ಬಿಸಿಯಾಗಿಯೇ ಇರುತ್ತದೆ. ವಾಲ್ವ್ ತೆರೆದೊಡನೆ ಅದು ಹಾಗೇ ಹೋಗುತ್ತದೆ. ಇದೊಂದನ್ನು ಲೆಕ್ಕಕ್ಕೆ ಹಿಡಿದರೇ ಹತ್ತಕ್ಕೆ ಒಂದು ಒತ್ತುವ ಆದರ್ಶ ಪೆಟ್ರೋಲ್ ಎಂಜಿನ್‌ನ ಮಿತಿ ಶೇ. 60ಕ್ಕೆ ಇಳಿಯುತ್ತದೆ. ಅದರ ಮೇಲೆ ಗೋಡೆಗೆ ಹೋಗುವ ಶಾಖ ಮತ್ತು ತಿಕ್ಕಾಟ.

ಉಗಿ ಸ್ಥಾವರದಲ್ಲಿ ಅಡ್ಡಿ ಲೋಹದ್ದು. ರಾಯಚೂರಿನ ಬಾಯ್ಲರ್ ಒಳಗಿನ ಬೆಂಕಿ ಎಷ್ಟೇ ಇರಲಿ, ಕೊಳವೆ ತಾಳುವುದು ಸುಮಾರು 540 ಡಿಗ್ರಿ ಉಗಿ. ಗ್ಯಾಸ್ ಟರ್ಬೈನ್ ಈ ಅಡ್ಡಿ ಸ್ವಲ್ಪ ದಾಟುತ್ತದೆ. ಅದರ ಬ್ಲೇಡುಗಳು ನಿಕ್ಕಲ್ ಮಿಶ್ರಲೋಹದವು, ಒಳಗೆ ಗಾಳಿ ಹಾಯಲು ಸಣ್ಣ ರಂಧ್ರಗಳು, ಮೇಲೆ ಸೆರಾಮಿಕ್ ಲೇಪ. 1,500 ಡಿಗ್ರಿ ದಾಟಿದ ಅನಿಲ ಅಲ್ಲಿ ಹಾಯುತ್ತದೆ. ಅದರಿಂದ ಹೊರಬರುವ 600 ಡಿಗ್ರಿಯ ಅನಿಲದಿಂದ ಉಗಿ ಮಾಡಿ ಎರಡನೇ ಟರ್ಬೈನ್ ತಿರುಗಿಸುತ್ತಾರೆ. ಹೀಗೆ ಎರಡು ಸೇರಿದ ಒಳ್ಳೆಯ ಸ್ಥಾವರಗಳು ಈಗ ಶೇ. 60 ದಾಟಿವೆ. ಶಾಖದ ಎಂಜಿನ್‌ಗಳಲ್ಲಿ ಮನುಷ್ಯ ಮುಟ್ಟಿದ ಎತ್ತರ ಸದ್ಯಕ್ಕೆ ಅಲ್ಲಿದೆ.

ಎಲ್ಲ ನಷ್ಟ ತೆಗೆದು ಕಾರ್ನೋ ಮಿತಿಯನ್ನೇ ಮುಟ್ಟುವ ಎಂಜಿನ್ ಕಟ್ಟಿದ್ರೆ?

ಅದು ಕೆಲಸಕ್ಕೆ ಬರುವುದಿಲ್ಲ. ನಷ್ಟವಿಲ್ಲದೆ ಶಾಖ ದಾಟಬೇಕಾದರೆ ಶಾಖ ಕೊಡುವುದು, ಅದನ್ನು ಪಡೆಯುವುದು ಎರಡರ ತಾಪಮಾನವೂ ಹೆಚ್ಚುಕಡಿಮೆ ಒಂದೇ ಇರಬೇಕು. ಆಗ ಶಾಖ ತೀರಾ ನಿಧಾನ ಹರಿಯುತ್ತದೆ. ದಕ್ಷತೆ ಪೂರ್ತಿ, ಶಕ್ತಿ ಸೊನ್ನೆ.

ಹಾಗಾದರೆ ಅತಿ ಜಾಸ್ತಿ ಶಕ್ತಿ ಕೊಡುವಾಗ ದಕ್ಷತೆ ಎಷ್ಟು ಅಂತ 1975ರಲ್ಲಿ ಕರ್ಜನ್ ಮತ್ತು ಆಲ್‌ಬಾರ್ನ್ ಅನ್ನುವ ವಿಜ್ಞಾನಿಗಳು ಲೆಕ್ಕ ಹಾಕಿದರು. 1957ರಲ್ಲೇ ನೋವಿಕೋವ್ ಅಂಥದೇ ಉತ್ತರಕ್ಕೆ ಬಂದಿದ್ದರು. ಸೂತ್ರದಲ್ಲಿ ಒಂದು ವರ್ಗಮೂಲ ಸೇರುತ್ತದೆ ಅಷ್ಟೇ: 1 − √(ತಣ್ಣನೆ ÷ ಬಿಸಿ). 540 ಡಿಗ್ರಿ ಉಗಿ, 40 ಡಿಗ್ರಿ ಕಂಡೆನ್ಸರ್ ಹಾಕಿ ನೋಡಿ. ಕಾರ್ನೋ ಶೇ. 61 ಅನ್ನುತ್ತದೆ, ಇದು 38 ಅನ್ನುತ್ತದೆ. ಕಲ್ಲಿದ್ದಲು ಸ್ಥಾವರಗಳು ಕೊಡುವುದು 35ರ ಆಸುಪಾಸು.

ವಿದ್ಯಾರ್ಥಿಗಳು ಇದನ್ನು ಹೊಸ ಮಿತಿ ಅಂದುಕೊಳ್ಳುತ್ತಾರೆ. ಅದು ಮಿತಿಯಲ್ಲ. ಕೈಗಾದ 250 ಡಿಗ್ರಿಗೆ ಇದೇ ಸೂತ್ರ ಶೇ. 23 ಹೇಳುತ್ತದೆ, ಅಲ್ಲಿ ನಿಜವಾಗಿ ಸಿಗುವುದು 30ರ ಹತ್ತಿರ. ಕಟ್ಟುವವರು ಬರೀ ಶಕ್ತಿ ನೋಡದೆ, ಇಂಧನ ಉಳಿಸಲು ದೊಡ್ಡ ಕಂಡೆನ್ಸರ್, ದೊಡ್ಡ ಹೀಟ್ ಎಕ್ಸ್‌ಚೇಂಜರ್ ಹಾಕಿದರೆ ಆ ಅಂಕಿ ದಾಟಬಹುದು. ಕಾರ್ನೋ ಅಂಕಿಯನ್ನು ಮಾತ್ರ ದಾಟಲು ಆಗದು.

ಕಾರ್ನೋ ಮಿತಿ ತಪ್ಪಿಸಿಕೊಳ್ಳೋ ದಾರಿಯೇ ಇಲ್ವಾ?

ಶಾಖದ ದಾರಿ ಬಿಟ್ಟರೆ ಇದೆ. ಫ್ಯೂಯಲ್ ಸೆಲ್ ಇಂಧನವನ್ನು ಉರಿಸದೆ ನೇರ ಕರೆಂಟ್ ಮಾಡುತ್ತದೆ. ಹೈಡ್ರೋಜನ್ ಸೆಲ್‌ಗೆ ಕೋಣೆಯ ತಾಪಮಾನದಲ್ಲಿ ಮಿತಿ ಶೇ. 83, ಬಳಕೆಯಲ್ಲಿ ಸಿಗುವುದು 50-60. ಎರಡನೆಯ ನಿಯಮ ಅಲ್ಲೂ ಇದೆ, ಬೇರೆ ಸೂತ್ರದಲ್ಲಿ ಇದೆ ಅಷ್ಟೇ.

ಸೋಲಾರ್ ಪ್ಯಾನೆಲ್‌ದು ಇನ್ನೊಂದು ಬಗೆ. ಸೂರ್ಯನ ಮೈ ಸುಮಾರು 5,800 ಕೆಲ್ವಿನ್ ಇರುವುದರಿಂದ ಕಾರ್ನೋ ಮಿತಿ ಶೇ. 95ರ ಹತ್ತಿರ. ಆದರೆ ಸಿಲಿಕಾನ್ ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಬಳಸಲಾರದು. ಕೆಂಪಿನಾಚೆಯ ಬೆಳಕಿಗೆ ಅದನ್ನು ಎಬ್ಬಿಸುವ ಬಲ ಸಾಲದು, ನೀಲಿಯಲ್ಲಿ ಹೆಚ್ಚಾದದ್ದು ಶಾಖವಾಗುತ್ತದೆ. ಒಂದೇ ಪದರದ ಪ್ಯಾನೆಲ್‌ಗೆ ಸುಮಾರು ಶೇ. 33 ಮಿತಿ ಅಂತ ಈಗಿನ ಲೆಕ್ಕ. ಅದರ ದಾರಿ ತೋರಿಸಿದ್ದು 1961ರಲ್ಲಿ ಶಾಕ್ಲೆ ಮತ್ತು ಕ್ವೈಸರ್ ಅನ್ನುವ ವಿಜ್ಞಾನಿಗಳು. ಬೇರೆ ಬೇರೆ ಬಣ್ಣ ಹೀರುವ ಎರಡು ಮೂರು ಪದರ ಒಂದರ ಮೇಲೊಂದು ಇಟ್ಟರೆ ಆ ಗೆರೆ ಮೇಲೇರುತ್ತದೆ. ಈಗ ಪ್ರಯೋಗಾಲಯಗಳಲ್ಲಿ ಜೋರಾಗಿ ನಡೆಯುತ್ತಿರುವ ಕೆಲಸ ಅದೇ.